ಅರಿವಳಿಕೆಯಲ್ಲಿರುವ ನಾಯಿಗೆ ನೋವಿನ ಮದ್ದೇಕೆ?

ಸಾಕಿದ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಲೆಂದು ಹರಿಹರದಿಂದ ದಾವಣಗೆರೆಗೆ ಕರೆತರುವ ಮನೆಯವರು ಪಶುವೈದ್ಯರನ್ನು ಮೊದಲು ಕೇಳುವುದು, "ಮತ್ತೆ ಎಚ್ಚರವಾಗುತ್ತದೆ ತಾನೆ?" ಎಂದು. ಯುಕ್ತವಾದ ಪ್ರಶ್ನೆಯೇ. ಅದರ ಜೊತೆಗೆ, "ನೋವಿಗೆ ಏನು ಕೊಡುತ್ತೀರಿ, ಯಾವಾಗ ಕೊಡುತ್ತೀರಿ?" ಎಂದೂ ನೀವು ಕೇಳಬೇಕು.

ಪ್ರಜ್ಞೆಯೇ ಇಲ್ಲದ ಪ್ರಾಣಿಗೆ ನೋವೆಲ್ಲಿಯದು ಎನ್ನುವಿರಾ? ನಿಮ್ಮ ಮನೆಯ ರೇಡಿಯೋ ಆರಿಸಿದ ಮಾತ್ರಕ್ಕೆ ನಿಲಯದವರು ಪ್ರಸಾರ ನಿಲ್ಲಿಸುತ್ತಾರೆಯೇ? ಇದೂ ಹಾಗೆಯೇ. ಐಸೋಫ್ಲುರೇನ್ ಅನಿಲವಾಗಲಿ, ಥಯೋಪೆಂಟೋನ್ ಚುಚ್ಚುಮದ್ದಾಗಲಿ ಮಿದುಳನ್ನು ಮಲಗಿಸುತ್ತವೆಯೇ ಹೊರತು, ಗಾಯದಿಂದ ನರಗಳು ಹೊತ್ತು ತರುವ ಸುದ್ದಿಯನ್ನು ತಡೆಯಲಾರವು. ಚರ್ಮಕ್ಕೆ ಅಲಗು ತಾಗಿದೊಡನೆ ಆ ಸುದ್ದಿ ಬೆನ್ನುಹುರಿಯನ್ನು ಮುಟ್ಟುತ್ತದೆ. ಮಲಗಿರುವ ನಾಯಿಯ ನಾಡಿ ವೇಗಗೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ. ಸುದ್ದಿ ಎಡೆಬಿಡದೆ ಬರುತ್ತಿದ್ದರೆ ಬೆನ್ನುಹುರಿಯ ನರಗಳೇ ಕೆರಳಿ, ಎಚ್ಚೆತ್ತ ಮೇಲೆ ಸಣ್ಣ ಸ್ಪರ್ಶವೂ ನಾಯಿಗೆ ಸಹಿಸದಾಗುತ್ತದೆ.

ಆದ್ದರಿಂದಲೇ ಕೊಯ್ಯುವ ಮೊದಲೇ ನೋವಿನ ಮದ್ದು ಕೊಡುವುದು. ಇದರಿಂದ ನಿಮ್ಮ ಮೊದಲನೆಯ ಪ್ರಶ್ನೆಗೂ ಸಮಾಧಾನ ಸಿಗುತ್ತದೆ. ಅರಿವಳಿಕೆಯ ಪ್ರಮಾಣ ಹೆಚ್ಚಿದಷ್ಟೂ ಹೃದಯ ಮತ್ತು ಉಸಿರಾಟ ಕುಗ್ಗುತ್ತವೆ. ನೋವಿನ ಮದ್ದು ಮೊದಲೇ ಸೇರಿದ್ದರೆ ಕಡಮೆ ಅರಿವಳಿಕೆ ಸಾಕು.

ಈ ಮದ್ದುಗಳಲ್ಲಿ ಹಳೆಯದು ಅಫೀಮಿನಿಂದ ಬಂದ ಮಾರ್ಫೀನ್. ಅದರ ಬಳಗದ ಬ್ಯುಟಾರ್ಫನಾಲ್ ಸೌಮ್ಯವಾದುದು, ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ಹಲ್ಲಿನ ವೈದ್ಯರು ನಮ್ಮ ವಸಡಿಗೆ ಚುಚ್ಚುವ ಲಿಗ್ನೊಕೇನ್ ಅನ್ನು ಕೊಯ್ಯುವ ಜಾಗದ ಸುತ್ತ ಚುಚ್ಚಿದರೆ ಸುದ್ದಿ ಹೊರಡುವಲ್ಲಿಯೇ ನಿಲ್ಲುತ್ತದೆ. ಅಗ್ಗದ ಮದ್ದು, ಬಳಸದಿರಲು ಕಾರಣವೇ ಕಾಣೆ. ಮೆಲಾಕ್ಸಿಕಾಮ್ ಬಾವನ್ನು ತಗ್ಗಿಸಿ ಸುಮಾರು ಒಂದು ದಿನ ನಿಲ್ಲುತ್ತದೆ. ಮೂತ್ರಪಿಂಡ ಕೆಟ್ಟ, ಇಲ್ಲವೇ ನೀರಿನಂಶ ಬತ್ತಿದ ನಾಯಿಗೆ ಮಾತ್ರ ಸಲ್ಲದು. ನಮ್ಮ ಕಡೆ ಬಹಳ ಬಳಕೆಯಲ್ಲಿರುವ ಜೈಲಜೀನ್‌ಗೂ ನೋವು ನೀಗುವ ಗುಣ ಕೊಂಚ ಉಂಟು. ಆದರೆ ನಾಯಿ ಇನ್ನೂ ತೂಕಡಿಸುತ್ತಿರುವಾಗಲೇ ಆ ಗುಣ ತೀರಿಹೋಗಿರುತ್ತದೆ. ಮಂಪರನ್ನು ನೆಮ್ಮದಿಯೆಂದು ತಿಳಿಯುವುದು ಇಲ್ಲಿಯೇ.

ಹರಿಹರದವರು ಆಟೋದಲ್ಲಿ ಕುಲುಕುತ್ತ ಹಿಂದಿರುಗುವಾಗ ಇದು ನೆನಪಿರಲಿ. ಹೊರಡುವ ಮುನ್ನ ಮುಂದಿನ ಮದ್ದು ಎಷ್ಟು ಗಂಟೆಗೆಂದು ಬರೆಯಿಸಿಕೊಳ್ಳಿ. ನಾಯಿ ಗೋಳಾಡದಿದ್ದರೂ ಬೆನ್ನು ಬಾಗಿಸಿ ನಿಂತರೆ, ಅನ್ನ ಮುಟ್ಟದಿದ್ದರೆ, ಗಾಯವನ್ನು ನೆಕ್ಕುತ್ತಲೇ ಇದ್ದರೆ, ಮುಟ್ಟಹೋದ ಮನೆಯವರ ಮೇಲೆಯೇ ಗುರುಗುಟ್ಟಿದರೆ, ಅದು ನೋವು.

ಆಗ ಕನಿಕರದಿಂದ ಮನೆಯ ಮಾತ್ರೆ ಡಬ್ಬಿಗೆ ಕೈಹಾಕಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ರಕ್ತ ಸೋರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. (ರಣಹದ್ದುಗಳ ಸಾವಿಗೆ ಕಾರಣವಾಗಿ 2006ರಲ್ಲಿ ಪಶುವೈದ್ಯಕ್ಕೆ ನಿಷೇಧವಾದ ಡೈಕ್ಲೊಫೆನಾಕ್ ಇದೇ.) ಪ್ಯಾರಾಸಿಟಮಾಲ್ ಕೂಡ ನಿಮ್ಮ ಅಂದಾಜಿನ ಮೇಲೆ ಬೇಡ. ವೈದ್ಯರಿಗೆ ಫೋನು ಮಾಡಿ, ನಾಯಿಯ ತೂಕ ತಿಳಿಸಿ, ಬೆಳಗಿನಿಂದ ಏನೇನು ಕೊಟ್ಟಿದೆಯೆಂದು ಹೇಳಿ ಕೇಳಿ.