97ರ ತೂಕ

ರಾಜಾಜಿನಗರದ ರಾಮಮಂದಿರ ಮೈದಾನದಲ್ಲಿ ಭಾನುವಾರದ ಆಟ ಮುಗಿದ ಮೇಲಾಗಲಿ, ವಿಜಯನಗರದ ದರ್ಶಿನಿಗಳಲ್ಲಿ ಕಾಫಿ ಲೋಟ ಹಿಡಿದು ನಿಂತಾಗಲಿ, ಕ್ರಿಕೆಟ್ ಮಾತು ಬಂದರೆ ಅದು ಒಂದಲ್ಲ ಒಂದು ಹೊತ್ತಿಗೆ ‘ಎಲ್ಲರಿಗಿಂತ ದೊಡ್ಡ ಬ್ಯಾಟ್ಸ್‌ಮನ್ ಯಾರು’ ಎಂಬಲ್ಲಿಗೆ ಬಂದೇ ಬರುತ್ತದೆ. ಬ್ರಾಡ್ಮನ್ ಹೆಸರನ್ನು ಎಲ್ಲರೂ ಒಪ್ಪುತ್ತಾರೆ. ಜಗಳವೆಲ್ಲ ಆಮೇಲಿನದು. ಹುಡುಗರು ತೆಂಡೂಲ್ಕರ್, ದ್ರಾವಿಡ್, ಕೊಹ್ಲಿ ಎಂದು ಸಾಲಿಡುವಾಗ ವಯಸ್ಸಾದವರೊಬ್ಬರು ‘ವಿಶಿ ಆಟ ನೋಡಿದ್ದೀರೇನಪ್ಪಾ?’ ಎಂದು ಕೇಳದೆ ಇರುವುದಿಲ್ಲ. ಲೆಕ್ಕ ಮಾತ್ರ ಅವರ ಪರವಾಗಿಲ್ಲ. ವಿಶಿ, ಅಂದರೆ ಗುಂಡಪ್ಪ ವಿಶ್ವನಾಥ್, 91 ಟೆಸ್ಟ್ ಆಡಿದರು, 6080 ರನ್ ಹೊಡೆದರು, ಸರಾಸರಿ 41.93. ಗಾವಸ್ಕರ್ 10,122 ರನ್, ಸರಾಸರಿ 51.12. ದ್ರಾವಿಡ್ 13,288 ರನ್, ಸರಾಸರಿ 52.31. ಈ ಅಂಕಿಗಳನ್ನು ಮುಂದಿಟ್ಟರೆ ಆ ಹಿರಿಯರ ವಾದ ನಿಲ್ಲುವುದು ಕಷ್ಟ.

ಆದರೆ ಅವರು ಕಂಡದ್ದು ಸುಳ್ಳಲ್ಲ. ಅದನ್ನು ಲೆಕ್ಕವೇ ಬಾಯಿಬಿಟ್ಟು ಹೇಳಲು 2001ನೇ ಇಸವಿ ಬರಬೇಕಾಯಿತು.

ಬಹುಕಾಲ ಬ್ಯಾಟ್ಸ್‌ಮನ್ನರನ್ನು ಅಳೆಯಲು ನಮಗಿದ್ದದ್ದು ಸರಾಸರಿ ಒಂದೇ. ಹೊಡೆದ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಬ್ರಾಡ್ಮನ್ 80 ಇನಿಂಗ್ಸ್ ಆಡಿ, 10 ಸಲ ಔಟಾಗದೆ ಉಳಿದು 6996 ರನ್ ಗಳಿಸಿದರು. 70ರಿಂದ ಭಾಗಿಸಿದರೆ 99.94. 1948ರಲ್ಲಿ ಓವಲ್‌ನ ಕೊನೆಯ ಇನಿಂಗ್ಸ್‌ನಲ್ಲಿ ಹಾಲೀಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆಗದೆ ನಾಲ್ಕು ರನ್ ಮಾಡಿದ್ದರೆ ಸರಿಯಾಗಿ ನೂರು. ಸರಾಸರಿಯ ಕಷ್ಟವೇನೆಂದರೆ ಅದಕ್ಕೆ ಎಲ್ಲ ರನ್ನುಗಳೂ ಒಂದೇ. ಸತ್ತ ಪಿಚ್‌ನಲ್ಲಿ ಸುಸ್ತಾದ ಬೌಲರುಗಳ ಎದುರು ಹೊಡೆದ ಐವತ್ತಕ್ಕೂ, ಚೆಂಡು ಮುಖದ ಮೇಲೆ ಎದ್ದು ಬರುವ ಪಿಚ್‌ನಲ್ಲಿ ಹೊಡೆದ ಐವತ್ತಕ್ಕೂ ಅದರಲ್ಲಿ ಭೇದವಿಲ್ಲ.

ಈ ಭೇದವನ್ನು ಲೆಕ್ಕಕ್ಕೆ ತರುವ ಗಟ್ಟಿ ಪ್ರಯತ್ನ ನಡೆದದ್ದು 1987ರಲ್ಲಿ. ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್ಟರ್ ಅವರ ಆಲೋಚನೆಗೆ ರಾಬ್ ಈಸ್ಟ್‌ಅವೇ, ಗಾರ್ಡನ್ ವಿನ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಸೂತ್ರದ ರೂಪ ಕೊಟ್ಟರು. ಡೆಲಾಯ್ಟ್ ರೇಟಿಂಗ್ ಎಂಬ ಹೆಸರಿನಲ್ಲಿ ಹೊರಬಂದ ಅದೇ ಇಂದಿನ ಐಸಿಸಿ ರ‍್ಯಾಂಕಿಂಗ್. ಪ್ರತಿ ಇನಿಂಗ್ಸ್‌ಗೂ ಬೆಲೆ ಕಟ್ಟುವಾಗ ಎದುರಿದ್ದ ಬೌಲರುಗಳ ಶಕ್ತಿ, ಆ ಪಂದ್ಯದಲ್ಲಿ ಒಟ್ಟಾರೆ ಎಷ್ಟು ರನ್ ಬಂತು, ಗೆದ್ದರೋ ಸೋತರೋ ಎಲ್ಲವನ್ನೂ ನೋಡುತ್ತಾರೆ. ಹೊಸ ಇನಿಂಗ್ಸ್‌ಗೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ. ಸಾವಿರಕ್ಕೆ ಇಷ್ಟು ಎಂದು ಅಂಕ. ಹಳೆಯ ಸ್ಕೋರ್‌ಕಾರ್ಡುಗಳ ಮೇಲೂ ಈ ಸೂತ್ರ ಓಡಿಸಿದಾಗ ಬ್ರಾಡ್ಮನ್ ತುದಿಯಲ್ಲಿ ಮುಟ್ಟಿದ್ದು 961. ಸ್ಟೀವ್ ಸ್ಮಿತ್ 2017ರಲ್ಲಿ 947ಕ್ಕೆ, ಕೊಹ್ಲಿ 2018ರಲ್ಲಿ 937ಕ್ಕೆ ಏರಿದರು. ಒಬ್ಬ ಆಟಗಾರ ತನ್ನ ಉತ್ತುಂಗದಲ್ಲಿ ಎಷ್ಟು ಎತ್ತರದಲ್ಲಿದ್ದ ಎಂಬುದು ಇದರಿಂದ ತಿಳಿಯುತ್ತದೆ. ಒಂದು ಮಧ್ಯಾಹ್ನ ಆತ ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ.

ಅದೇ 1987ರ ಮಾರ್ಚ್‌ನಲ್ಲಿ, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಾವಸ್ಕರ್ ಪಾಕಿಸ್ತಾನದ ವಿರುದ್ಧ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್ ಆಡಿದರು. ಪುಡಿಪುಡಿಯಾಗಿದ್ದ ಪಿಚ್, ಗೆಲ್ಲಲು 221 ಬೇಕು, ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹ್ಮದ್ ಎಸೆದ ಚೆಂಡು ಯಾವ ಕಡೆ ತಿರುಗುತ್ತದೋ ಹೇಳುವಂತಿರಲಿಲ್ಲ. ಗಾವಸ್ಕರ್ 96ಕ್ಕೆ ಔಟಾದರು, ಭಾರತ 204ಕ್ಕೆ ಮುಗಿಯಿತು, ಪಂದ್ಯ 16 ರನ್ನಿನಿಂದ ಕೈತಪ್ಪಿತು. ದಾಖಲೆ ಪುಸ್ತಕದಲ್ಲಿ ಅದು ಗಾವಸ್ಕರರ 34 ಶತಕಗಳ ಸಾಲಿಗೆ ಸೇರುವುದಿಲ್ಲ. ಆ 34ರಲ್ಲಿ ಎಷ್ಟೋ ಶತಕಗಳು ಈ 96ರ ಹತ್ತಿರಕ್ಕೂ ಬರುವುದಿಲ್ಲ ಎಂದೇ ನನ್ನ ನಂಬಿಕೆ.

ಆಟಗಾರನನ್ನು ಬಿಟ್ಟು ಇನಿಂಗ್ಸನ್ನೇ ತೂಗಿದರೆ? 2001ರಲ್ಲಿ ಹೊರಬಂದ ‘ವಿಸ್ಡನ್ 100’ ಮಾಡಿದ್ದು ಇದನ್ನೇ. ಲೆಕ್ಕ ಹೂಡಿದವರು ಅನಂತ ನಾರಾಯಣನ್. 1552 ಟೆಸ್ಟ್‌ಗಳ 54,494 ಇನಿಂಗ್ಸ್‌ಗಳನ್ನು ಕಂಪ್ಯೂಟರಿಗೆ ಹಾಕಿ, ಎದುರಾಳಿ ಬೌಲಿಂಗ್ ಎಂಥದು, ಪಿಚ್ ಹೇಗಿತ್ತು, ತಂಡದ ಮೊತ್ತದಲ್ಲಿ ಪಾಲೆಷ್ಟು, ಫಲಿತಾಂಶ ಏನಾಯಿತು ಎಂದು ಒಂದೊಂದನ್ನೂ ಅಳೆದು ನೂರನ್ನು ಸೋಸಿ ತೆಗೆದರು.

ಇವುಗಳಲ್ಲಿ ಯಾವುದೇ ಒಂದನ್ನು ನೆಚ್ಚಿಕೊಂಡರೂ ಲೆಕ್ಕ ದಾರಿ ತಪ್ಪುತ್ತದೆ. ತಂಡದ ಮೊತ್ತದಲ್ಲಿ ಪಾಲು ಮಾತ್ರ ನೋಡಿ: 1877ರ ಮೊಟ್ಟಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯದ ಬ್ಯಾನರ್‌ಮನ್ 245ರಲ್ಲಿ 165 ಹೊಡೆದಿದ್ದರು, ನೂರಕ್ಕೆ 67 ಪಾಲು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಹಾಗೆಂದು ಅದೇ ಜಗತ್ತಿನ ಶ್ರೇಷ್ಠ ಇನಿಂಗ್ಸ್ ಎಂದರೆ ಯಾರೂ ಒಪ್ಪುವುದಿಲ್ಲ. ವಿಸ್ಡನ್ ಪಟ್ಟಿಯ ತಲೆಯಲ್ಲಿ ಬಂದದ್ದು 1937ರಲ್ಲಿ ಮೆಲ್ಬರ್ನ್‌ನಲ್ಲಿ ಬ್ರಾಡ್ಮನ್ ಹೊಡೆದ 270. ಸರಣಿಯಲ್ಲಿ 0–2 ಹಿಂದಿದ್ದ ತಂಡ, ಮಳೆಯಲ್ಲಿ ನೆಂದ ಪಿಚ್. ಅದು ಒಣಗಲಿ ಎಂದು ಬ್ರಾಡ್ಮನ್ ಬ್ಯಾಟಿಂಗ್ ಕ್ರಮವನ್ನೇ ತಲೆಕೆಳಗು ಮಾಡಿ ಬಾಲಂಗೋಚಿಗಳನ್ನು ಮೊದಲು ಕಳಿಸಿದರು. 97ಕ್ಕೆ 5 ಆದ ಮೇಲೆ ಫಿಂಗಲ್‌ಟನ್ ಜೊತೆ 346 ರನ್ ಸೇರಿಸಿದರು. ಎರಡನೆಯದು 1999ರಲ್ಲಿ ಲಾರಾ ಔಟಾಗದೆ ಗಳಿಸಿದ 153, ಒಂದೇ ವಿಕೆಟ್ ಉಳಿದು ಗೆದ್ದ ಪಂದ್ಯ. ಆರನೆಯದು ಆಗಷ್ಟೇ ಕೋಲ್ಕತ್ತದಲ್ಲಿ ಲಕ್ಷ್ಮಣ್ ಆಡಿದ್ದ 281. ತೆಂಡೂಲ್ಕರರ ಒಂದು ಇನಿಂಗ್ಸೂ ನೂರರೊಳಗೆ ಬರಲಿಲ್ಲ. ಗುಲ್ಲೆಲ್ಲ ಅದರ ಸುತ್ತಲೇ ಎದ್ದಿತು. ಬೌಲಿಂಗ್ ಪಟ್ಟಿಯ ಎರಡನೇ ಜಾಗದಲ್ಲಿ ಕುಂಬ್ಳೆಯವರ 74ಕ್ಕೆ 10 ಇತ್ತು. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಹಾದಿಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಓದಿದ್ದನ್ನು ನೆನೆದು ಈ ಕಡೆಯ ಜನ ಹಿಗ್ಗಿದ್ದು ಸಹಜ.

ನನ್ನ ಕಣ್ಣು ನಿಂತದ್ದು 38ನೇ ಜಾಗದಲ್ಲಿ. ಜಿ.ಆರ್. ವಿಶ್ವನಾಥ್, ಔಟಾಗದೆ 97, ವೆಸ್ಟ್ ಇಂಡೀಸ್ ವಿರುದ್ಧ, ಮದರಾಸು, ಜನವರಿ 1975. ಶತಕವಲ್ಲದ ಇನಿಂಗ್ಸ್‌ಗಳಲ್ಲಿ ಎರಡನೆಯದು.

ಆ ಸರಣಿ ಶುರುವಾದದ್ದು ಬೆಂಗಳೂರಿನಲ್ಲೇ, 1974ರ ನವೆಂಬರ್‌ನಲ್ಲಿ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಅದು ಮೊದಲ ಟೆಸ್ಟ್, ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್‌ಗೂ ಮೊದಲನೆಯದು. ರಿಚರ್ಡ್ಸ್‌ರನ್ನು ನಮ್ಮ ಚಂದ್ರಶೇಖರ್ 4ಕ್ಕೆ, 3ಕ್ಕೆ ಮನೆಗೆ ಕಳಿಸಿದರು. ಆದರೂ ಭಾರತ ಮೊದಲ ಎರಡು ಪಂದ್ಯ ಸೋತಿತು. ಕಲ್ಕತ್ತದಲ್ಲಿ ವಿಶ್ವನಾಥ್ 139 ಹೊಡೆದು ಒಂದನ್ನು ಗೆಲ್ಲಿಸಿಕೊಟ್ಟರು. ಮದರಾಸಿನಲ್ಲಿ ಗಾವಸ್ಕರ್ ಗಾಯಗೊಂಡು ತಂಡದಲ್ಲಿರಲಿಲ್ಲ. ಚೆಪಾಕ್‌ನ ಪಿಚ್‌ನಲ್ಲಿ ಆ್ಯಂಡಿ ರಾಬರ್ಟ್ಸ್ ಬೆಂಕಿಯಂಥ ವೇಗದಲ್ಲಿ ಎಸೆದು 64ಕ್ಕೆ 7 ವಿಕೆಟ್ ಕಿತ್ತರು. ತಲೆಗೆ ಹೆಲ್ಮೆಟ್ ಇಲ್ಲದ ಕಾಲ. ಒಂದು ಕಡೆ ವಿಕೆಟ್‌ಗಳು ಉದುರುತ್ತಿದ್ದರೆ ಇನ್ನೊಂದು ಕಡೆ ಕುಳ್ಳಗಿನ ಈ ಭದ್ರಾವತಿಯ ಹುಡುಗ ಮಣಿಕಟ್ಟು ತಿರುಗಿಸಿ ಸ್ಕ್ವೇರ್ ಕಟ್ ಹೊಡೆಯುತ್ತಿದ್ದ. ಕೊನೆಯ ಆಟಗಾರ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರೇ ರನ್ ಬಾಕಿ. ತಂಡದ ಮೊತ್ತ 190. ಉಳಿದ ಹತ್ತು ಜನರೂ ಇತರೆ ರನ್ನುಗಳೂ ಸೇರಿ 93.

ಇಲ್ಲಿ ಪಾಲಿನ ಲೆಕ್ಕ ಮಾಡಿ ನೋಡಿ. ಬ್ರಾಡ್ಮನ್‌ರ 270, ತಂಡದ 564ರಲ್ಲಿ ನೂರಕ್ಕೆ 48. ಲಾರಾ 311ರಲ್ಲಿ 153, ಅಂದರೆ 49. ಲಕ್ಷ್ಮಣ್ 657ರಲ್ಲಿ 281, ಅಂದರೆ 43. ವಿಶ್ವನಾಥರದು 51. ಜೊತೆಗೆ ಎದುರಿಗೆ ಆಗಿನ ಜಗತ್ತಿನ ಅತಿ ಭಯಂಕರ ವೇಗಿ, ಕೊನೆಗೆ 100 ರನ್ನುಗಳ ಗೆಲುವು, ಆ ಹೊತ್ತಿಗೆ ಸರಣಿ 2–2. ಶತಕಕ್ಕೆ ಕೈಮುಗಿಯುವ ನಮ್ಮ ಅಭ್ಯಾಸದಲ್ಲಿ ಮುಚ್ಚಿಹೋಗಿದ್ದ ಈ ಆಟವನ್ನು ಸೂತ್ರ ಅಗೆದು ತೆಗೆಯಿತು. ಅದನ್ನು ಮೊದಲೇ ಅರಿತಿದ್ದವರೂ ಇದ್ದರು. ಹತ್ತು ಸಾವಿರ ರನ್‌ಗಳ ಗಾವಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರು ರೋಹನ್ ಜೈವಿಶ್ವ. ರೋಹನ್ ಕನ್ಹಾಯ್, ಜೈಸಿಂಹ, ವಿಶ್ವನಾಥ್ ಮೂವರೂ ಅದರಲ್ಲಿದ್ದಾರೆ. ಜೈಸಿಂಹರ ಟೆಸ್ಟ್ ಸರಾಸರಿ 30ರ ಆಸುಪಾಸು.

ವಿಸ್ಡನ್ ಪಟ್ಟಿ 2001ಕ್ಕೇ ನಿಂತಿತು, ದ್ರಾವಿಡರ ದೊಡ್ಡ ಇನಿಂಗ್ಸ್‌ಗಳಲ್ಲಿ ಹೆಚ್ಚಿನವು ಬಂದದ್ದು ಆಮೇಲೆ. ಇವತ್ತು ಅದೇ ತಕ್ಕಡಿ ಕೈಗೆ ಸಿಕ್ಕರೆ ಅಡಿಲೇಡ್‌ನ 233ನ್ನು ಎಲ್ಲರೂ ಮೊದಲು ಎತ್ತಿಡುತ್ತಾರೆ. ನಾನು 2006ರ ಜಮೈಕಾವನ್ನು ಇಡುತ್ತೇನೆ. ಸಬೀನಾ ಪಾರ್ಕ್‌ನ ಆ ಪಿಚ್‌ನಲ್ಲಿ ಭಾರತ ಗಳಿಸಿದ್ದು 200 ಮತ್ತು 171. ನಾಯಕ ದ್ರಾವಿಡ್ 81 ಮತ್ತು 68, ಎರಡು ಸಲವೂ ತಂಡದ ಐದರಲ್ಲಿ ಎರಡು ಪಾಲು. ಭಾರತ 49 ರನ್‌ಗಳಿಂದ ಗೆದ್ದು, 1971ರ ನಂತರ ಮೊದಲ ಬಾರಿಗೆ ಅಲ್ಲಿ ಸರಣಿ ತನ್ನದಾಗಿಸಿಕೊಂಡಿತು. ದ್ರಾವಿಡರ 36 ಶತಕಗಳ ಲೆಕ್ಕದಲ್ಲಿ ಇವೆರಡಕ್ಕೂ ಜಾಗವಿಲ್ಲ. ವಿಶಿಯ 97ರ ಪಕ್ಕದಲ್ಲಿ ಇದೆ.