ಅಜ್ಜನ ಸೈಕಲ್‌ಗೆ ವಯಸ್ಸೆಷ್ಟು?

ಕರಾವಳಿಯ ನಮ್ಮ ಮನೆಗಳ ಕೊಟ್ಟಿಗೆ ಸೇರಿದ್ದ ಹಳೆ ಸೈಕಲ್‌ಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಮೀನಿನ ಬುಟ್ಟಿ, ಬೀಡಿ ಕಟ್ಟು, ಅಡಿಕೆ ಮೂಟೆ ಹೊತ್ತು ಎಷ್ಟೋ ಸಂಸಾರಗಳನ್ನು ಸಾಕಿದ ಗಾಡಿಗಳವು. ಎಂ80 ಬಂದ ಮೇಲೆ ಮೂಲೆ ಸೇರಿದವು. ಈಗ ಹೋಟೆಲ್, ರೆಸಾರ್ಟ್‌ನವರು ಅಲಂಕಾರಕ್ಕೆ, ಹವ್ಯಾಸಿಗಳು ಸಂಗ್ರಹಕ್ಕೆ ಅಂತ ಹುಡುಕಿಕೊಂಡು ಬರುತ್ತಿದ್ದಾರೆ. ಗುಜರಿ ವ್ಯಾಪಾರದಲ್ಲಿ ನಮ್ಮ ಬ್ಯಾರಿಗಳು ಬಹಳ ಮಂದಿ ಇರುವುದರಿಂದ ಇಂತಹ ಸೈಕಲ್‌ಗಳು ನಮ್ಮವರ ಕೈ ದಾಟಿಯೇ ಹೋಗುವುದು ಹೆಚ್ಚು.

ಇಲ್ಲಿ ಎರಡು ಬಗೆಯ ನಷ್ಟ ಆಗುತ್ತಿದೆ. ಗೊತ್ತಿಲ್ಲದವರು ಒಳ್ಳೆಯ ಸೈಕಲನ್ನು ಕಬ್ಬಿಣದ ತೂಕಕ್ಕೆ ಹಾಕಿ ಬಿಡುತ್ತಾರೆ. ಮತ್ತೆ ಕೆಲವರು ಮೊನ್ನೆ ಮೊನ್ನೆಯ ಸೈಕಲನ್ನೂ 'ಬ್ರಿಟಿಷರ ಕಾಲದ್ದು ಮಾರ್ರೆ' ಅಂತ ಹೇಳಿ ದಾಟಿಸುತ್ತಾರೆ. ಮೊದಲನೆಯದರಲ್ಲಿ ಮಾರಿದವನ ಹಣ ಹೋಯಿತು. ಎರಡನೆಯದರಲ್ಲಿ ಕೊಂಡವನ ಹಣವೂ ಹೋಯಿತು, ಮಾರಿದವನ ಆಖಿರವೂ ಹಾಳಾಯಿತು. ಹಾಗಾಗಿ ಸೈಕಲ್‌ನ ವಯಸ್ಸು ಪತ್ತೆ ಮಾಡುವ ಕ್ರಮವನ್ನು ನಾವು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರು ನೋಡಿ ನಂಬಬೇಡಿ

ರ್‍ಯಾಲೀ, ಹರ್ಕ್ಯುಲಿಸ್, ಬಿ.ಎಸ್.ಎ. ಎಂದ ಕೂಡಲೇ ಇಂಗ್ಲೆಂಡಿನ ಮಾಲು ಎಂದು ತಿಳಿಯುವವರಿದ್ದಾರೆ. ಈ ಹೆಸರುಗಳು ಅಲ್ಲಿಯವೇ, ಸಂಶಯ ಇಲ್ಲ. ರ್‍ಯಾಲೀ ನಾಟಿಂಗ್‌ಹ್ಯಾಮ್‌ನದ್ದು, ಉಳಿದೆರಡು ಬರ್ಮಿಂಗ್‌ಹ್ಯಾಮ್‌ನವು. ಆದರೆ ಸ್ವಾತಂತ್ರ್ಯದ ನಂತರ ಆಮದಿಗೆ ನಿರ್ಬಂಧ ಬಂದು, ಇದೇ ಹೆಸರಿನ ಸೈಕಲ್‌ಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿದವು. ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಕಂಪೆನಿ 1949ರಲ್ಲಿ ಸ್ಥಾಪನೆಯಾಯಿತು. ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಹೆಸರಿನ ಸೈಕಲ್‌ಗಳು ಅಲ್ಲಿಂದ ಬಂದವು. ಬಂಗಾಳದ ಅಸನ್ಸೋಲ್‌ನಲ್ಲಿ 1950ರ ದಶಕದಿಂದ ಸೆನ್-ರ್‍ಯಾಲೀ ಕಂಪೆನಿ ರ್‍ಯಾಲೀ ಮಾಡಿತು.

ಹಾಗಾಗಿ ಹ್ಯಾಂಡಲ್‌ನ ಕೆಳಗೆ ಫ್ರೇಮಿನ ಮುಂಭಾಗದಲ್ಲಿರುವ ಲೋಹದ ಲಾಂಛನವನ್ನು ಪೂರ್ತಿ ಓದಿ. ರ್‍ಯಾಲೀಯ ಕೊಕ್ಕರೆ ತಲೆ, ಬಿ.ಎಸ್.ಎ.ಯ ಮೂರು ಬಂದೂಕು ಕಂಡರೆ ಸಾಲದು, ಅದರಲ್ಲಿ ಊರಿನ ಹೆಸರು ಏನಿದೆ ಎಂದು ನೋಡಬೇಕು. ಬಿ.ಎಸ್.ಎ.ಯ ಸೈಕಲ್ ವಿಭಾಗ 1957ರಲ್ಲಿ ರ್‍ಯಾಲೀಯ ಪಾಲಾಯಿತು. 1960ರಲ್ಲಿ ಹರ್ಕ್ಯುಲಿಸ್, ಫಿಲಿಪ್ಸ್ ಕೂಡ ರ್‍ಯಾಲೀ ಜೊತೆ ಸೇರಿದವು. ಇಂಗ್ಲೆಂಡಿನ ಹರ್ಕ್ಯುಲಿಸ್ ಮೇಲೆ ನಾಟಿಂಗ್‌ಹ್ಯಾಮ್ ಎಂದಿದ್ದರೆ ಅದು 1960ರ ನಂತರದ್ದು ಎಂದೇ ಲೆಕ್ಕ.

ಆಕಾರ ನೋಡಿ ಹೇಳುವುದಂತೂ ಬೇಡವೇ ಬೇಡ. 28 ಇಂಚಿನ ಚಕ್ರ, ರಾಡ್ ಬ್ರೇಕ್, ಕಪ್ಪು ಬಣ್ಣದ ಆ ಸೈಕಲ್ ದಶಕಗಳ ಕಾಲ ಹೆಚ್ಚೇನೂ ಬದಲಾಗದೆ ತಯಾರಾಗಿದೆ. ಅಜ್ಜನದ್ದೂ ಹಾಗೇ, ಮೊಮ್ಮಗನದ್ದೂ ಹಾಗೇ.

ಅಂಕಿ ಎಲ್ಲಿದೆ?

ಮೂರು ಗೇರಿನ ಇಂಗ್ಲಿಷ್ ಸೈಕಲ್ ಆದರೆ ಕೆಲಸ ಸುಲಭ. ಹಿಂದಿನ ಚಕ್ರದ ನಡುವಿನ ಹಬ್ಬನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ನೋಡಿ. ಸ್ಟರ್ಮಿ-ಆರ್ಚರ್ ಎಂಬ ಹೆಸರು, 'ಎ.ಡಬ್ಲ್ಯೂ.' ಎಂಬ ಅಕ್ಷರ, ಜೊತೆಗೆ ಅಂಕಿ ಇರುತ್ತದೆ. 56 ಮತ್ತು 4 ಎಂದಿದ್ದರೆ ಆ ಹಬ್ 1956ರ ಏಪ್ರಿಲ್‌ನದ್ದು.

ದೂರ ಪ್ರಯಾಣಕ್ಕೆಂದೇ ಮಾಡಿದ ಟೂರಿಂಗ್ ಸೈಕಲ್‌ಗಳ ಲೆಕ್ಕ ಬೇರೆ. ಇವುಗಳಲ್ಲಿ ಉತ್ತಮವಾದವಕ್ಕೆ ರೆನಾಲ್ಡ್ಸ್ 531 ಎಂಬ ಉಕ್ಕಿನ ಕೊಳವೆ ಬಳಸುತ್ತಿದ್ದರು. ಈ ಉಕ್ಕು ಬಂದದ್ದೇ 1935ರಲ್ಲಿ. 531 ಚೀಟಿ ಇರುವ ಸೈಕಲನ್ನು ಯಾರಾದರೂ 1920ರದ್ದು ಎಂದರೆ ಮುಂದೆ ಮಾತು ಬೇಡ. ಚೀಟಿಯನ್ನು ಇಂದು ಯಾರು ಬೇಕಾದರೂ ಪ್ರಿಂಟ್ ಮಾಡಿಸಿ ಅಂಟಿಸಬಹುದು. ಹಾಗಾಗಿ ಸೀಟಿನ ಕಂಬ ಹೊರಗೆಳೆದು ಅಳೆಯಿರಿ. ಪೂರ್ತಿ 531ರಲ್ಲಿ ಮಾಡಿದ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿ.ಮೀ. ಕಂಬ ಕೂರುತ್ತದೆ. ಸಾದಾ ಉಕ್ಕಿನ ಕೊಳವೆ ದಪ್ಪ, ಅದರೊಳಗೆ ಅಷ್ಟು ಜಾಗ ಇರುವುದಿಲ್ಲ.

ಜಪಾನಿನ ಶಿಮಾನೋ ಬಿಡಿಭಾಗ ಇದ್ದರೆ ಅದರ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಹುಡುಕಿ. ಮೊದಲನೆಯದು ವರ್ಷ, 'ಎ' ಎಂದರೆ 1976. ಎರಡನೆಯದು ತಿಂಗಳು, 'ಎ' ಎಂದರೆ ಜನವರಿ. 'ಕೆ ಎಫ್' ಇದ್ದರೆ 1986ರ ಜೂನ್.

ಇನ್ನು, ಹಿಂದೆ ಸ್ಥಳೀಯ ಆಡಳಿತಗಳು ಸೈಕಲ್‌ಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆಯ ವರ್ಷ ತೆರಿಗೆ ಕಟ್ಟಿದ ವರ್ಷ, ಸೈಕಲ್ ಹುಟ್ಟಿದ ವರ್ಷ ಅಲ್ಲ. ಆದರೆ ಆ ಹೊತ್ತಿಗೆ ಸೈಕಲ್ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಅಂಗಡಿ ರಶೀದಿ ಸಿಕ್ಕಿದರೆ ಊರಿನ ಜೊತೆಗೆ ರಾಜ್ಯದ ಹೆಸರನ್ನೂ ಗಮನಿಸಿ. ನಮ್ಮ ಜಿಲ್ಲೆ 1956ರ ನವೆಂಬರ್‌ವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ 1973ರವರೆಗೆ ಮೈಸೂರು ರಾಜ್ಯ.

ಸನದಿನ ಪಾಠ

ಒಂದೇ ಗುರುತು ನೋಡಿ ತೀರ್ಪು ಕೊಡಬಾರದು. ಟಯರ್, ಚೈನ್, ಪೆಡಲ್, ಸೀಟು ನಾಲ್ಕಾರು ಸಲ ಬದಲಾಗಿರುತ್ತದೆ. ಹಬ್ ಕೂಡ ಬೇರೆ ಸೈಕಲ್‌ನಿಂದ ಬಂದಿರಬಹುದು. ಹೆಚ್ಚು ಕಾಲ ಉಳಿಯುವುದು ಫ್ರೇಮ್, ಫೋರ್ಕ್, ಪೆಡಲ್ ಬಳಿಯ ದೊಡ್ಡ ಹಲ್ಲಿನ ಚಕ್ರ.

ಹದೀಸ್ ವಿದ್ವಾಂಸರು ವರದಿಗಾರರ ಸರಪಳಿಯನ್ನು ಅಂದರೆ ಸನದನ್ನು ಪರಿಶೀಲಿಸಿದ್ದು ಹೀಗೆಯೇ. ಖಾಲಿದ್ ಬಿನ್ ಮಅದಾನ್ ಎಂಬವರಿಂದ ಹಿಜರಿ 108ರಲ್ಲಿ ಹದೀಸ್ ಕೇಳಿದ್ದೇನೆ ಎಂದು ಒಬ್ಬಾತ ಹೇಳಿದಾಗ, ಅವರು 104ರಲ್ಲೇ ವಫಾತಾಗಿದ್ದಾರಲ್ಲ ಎಂದು ವಿದ್ವಾಂಸರು ಅಲ್ಲೇ ಹಿಡಿದರು. ಸೈಕಲ್‌ನ ಒಂದೊಂದು ಭಾಗವೂ ಒಬ್ಬೊಬ್ಬ ಸಾಕ್ಷಿ. ಮೂರು ನಾಲ್ಕು ಸಾಕ್ಷಿಗಳ ಕಾಲ ಒಂದಕ್ಕೊಂದು ಹೊಂದಿದರೆ ಮಾತಿಗೆ ಬಲ. 1945ರದ್ದು ಎನ್ನುವ ಸೈಕಲ್‌ನ ಹಬ್ಬಿನಲ್ಲಿ 58 ಇದ್ದರೆ, ಒಂದೋ ಹಬ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಇದಕ್ಕಾಗಿಯೇ ಮಾರುವ ಮುನ್ನ ಉಜ್ಜಿ ಹೊಸ ಪೇಂಟ್ ಹೊಡೆಯಬೇಡಿ. ಹಳೆ ಅಕ್ಷರ, ಗೆರೆ ಹೋದರೆ ಸಾಕ್ಷಿಯೇ ಹೋಯಿತು.

ಮಾರುವ ಮುನ್ನ

ಅಜ್ಜ ತೀರಿಕೊಂಡಿದ್ದರೆ ಆ ಸೈಕಲ್ ಕೊಟ್ಟಿಗೆ ಯಾರದ್ದೋ ಅವರದ್ದಲ್ಲ, ವಾರೀಸುದಾರರೆಲ್ಲರದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ. 'ಒಂದು ಹಳೆ ಸೈಕಲ್ ಅಲ್ವಾ, ಅದಕ್ಕೆಲ್ಲ ಕೇಳುವುದುಂಟಾ' ಅನ್ನುವವರು ಮೀರಾಸಿನ ವಿಷಯದಲ್ಲಿ ಸಣ್ಣದು ದೊಡ್ಡದು ಎಂಬ ಭೇದ ಇಲ್ಲ ಎಂಬುದನ್ನು ನೆನಪಿಡಬೇಕು.

ಮಾರುವಾಗ ಬದಲಾದ ಭಾಗ ಯಾವುದು, ಬೆಸುಗೆ ಹಾಕಿದ್ದು ಎಲ್ಲಿ ಎಂದು ಬಾಯಿ ಬಿಟ್ಟು ಹೇಳಬೇಕು. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು (ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಅಡಿಯಲ್ಲಿ ಒದ್ದೆ ಸಿಕ್ಕಿತು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಪ್ರವಾದಿಯವರು ಆತನನ್ನು ತಿದ್ದಿದರು, ವಂಚಿಸುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಮಾಲಿನ ಐಬು ಮುಚ್ಚಿಟ್ಟು ಮಾರಿದರೆ ಕೊಂಡವನಿಗೆ ಅದನ್ನು ಹಿಂತಿರುಗಿಸುವ ಹಕ್ಕನ್ನು ನಮ್ಮ ಫಿಕ್ಹ್ ಕೊಟ್ಟಿದೆ.

ಹಬ್ಬಿನಲ್ಲಿ 56 ಇದ್ದರೆ 'ಹಬ್ 56ರದ್ದು, ಉಳಿದದ್ದು ನೀವೇ ನೋಡಿ' ಅಂತ ಹೇಳಿ. ಗಿರಾಕಿ ಸ್ವಲ್ಪ ಕಡಿಮೆಗೆ ಕೇಳಬಹುದು, ಕೇಳಲಿ. ಸತ್ಯ ಹೇಳಿ ಮಾರಿದ ಕಾಸಿನಲ್ಲಿ ಬರ್ಕತ್ ಇದೆ. ಅಂತಹ ವ್ಯಾಪಾರ ಮಾಡುವ ತೌಫೀಕನ್ನು ಅಲ್ಲಾಹು ನಮಗೆಲ್ಲರಿಗೂ ನೀಡಲಿ, ಆಮೀನ್.