ಬದನವಾಳಿನ ರಾಟೆ

ಲಾಭವನ್ನು ಬಯಸದೆ ಜನಸೇವೆಗೆ ನಿಂತ ಸಂಸ್ಥೆಗಳು ಈಚೆಗೆ ಹಳ್ಳಿಗೆ ಹೋಗುವಾಗ ಹೊಸದೊಂದು ಯಂತ್ರವನ್ನು ಹಿಡಿದೇ ಹೋಗುತ್ತವೆ. ಮೊಬೈಲ್ ಫೋನು, ಸೌರದೀಪ, ಗಣಕಯಂತ್ರ ಇವು ಬೇಡವೆಂದು ನಾವು ಹೇಳತಕ್ಕವರಲ್ಲ. ಆದರೆ ಯಂತ್ರವು ಯಾರಿಗಾಗಿ ಬಂದಿತೋ ಅವರ ಮನೆಗೂ ಮೈಕಸುವಿಗೂ ಅದು ಒಪ್ಪುವುದೇ ಎಂಬುದನ್ನು ಮೊದಲು ಕೇಳಬೇಕು. ನಮ್ಮ ನಂಜನಗೂಡು ಸೀಮೆಗೆ ಈ ಪ್ರಶ್ನೆ ಹೊಸದಲ್ಲ.

೧೯೨೫ರಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘದ ನೆರವಿನಿಂದ ಮೈಸೂರು ಸರಕಾರವು ೧೯೨೭ರಲ್ಲಿ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. ಅದೇ ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಯನ್ನೂ ಹರಿಜನಸೇವೆಯನ್ನೂ ಒಂದೇ ವ್ರತವಾಗಿ ನಡೆಯಿಸಿದರು. ಬೇಸಾಯದ ಕೆಲಸ ಮುಗಿದು ಬರಿಗೈಯಲ್ಲಿ ಕೂರುವ ತಿಂಗಳುಗಳಲ್ಲಿ ಬಡ ಹೆಂಗಸರಿಗೆ ನಾಲ್ಕು ಕಾಸು ದೊರೆಯಬೇಕೆಂಬುದು ಉದ್ದೇಶ. ನೆರೆಯ ತಿರುಮಕೂಡಲು ನರಸೀಪುರದ ಸರಕಾರಿ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ಎಳೆ ಬಿಚ್ಚುವವರು ಯಂತ್ರವಿದ್ದಲ್ಲಿಗೆ ಹೋಗಬೇಕು. ರಾಟೆಯಾದರೋ ತೊಟ್ಟಿಲ ಪಕ್ಕದಲ್ಲಿಯೇ ತಿರುಗುವುದು.

ಚರಕಾ ಸಂಘವು ಹಳೆಯ ರಾಟೆಯನ್ನೇ ಪೂಜಿಸುತ್ತ ಕುಳಿತಿತೆಂದು ವಿದ್ಯಾವಂತರಲ್ಲಿಯೇ ಹಲವರು ನಂಬಿದ್ದಾರೆ. ಅದು ತಪ್ಪು. ೧೯೨೯ರಲ್ಲಿ ಸಂಘವು ಉತ್ತಮವಾದ ರಾಟೆಯೊಂದಕ್ಕೆ ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತು. ಅದರ ಷರತ್ತುಗಳನ್ನು ವಾಚಕರು ಗಮನಿಸಬೇಕು. ಬೆಲೆ ೧೫೦ ರೂಪಾಯಿಗಳನ್ನು ಮೀರಕೂಡದು; ಹಳ್ಳಿಯ ಗುಡಿಸಿಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು; ಹೆಂಗಸೊಬ್ಬಳು ಹೆಚ್ಚು ಆಯಾಸವಿಲ್ಲದೆ ೮ ಗಂಟೆ ನೂಲುವಂತಿರಬೇಕು; ಅಷ್ಟರಲ್ಲಿ ೧೬,೦೦೦ ಗಜ ನೂಲು ಬರಬೇಕು; ೨೦ ವರ್ಷ ಬಾಳಬೇಕು; ವರ್ಷದ ದುರಸ್ತಿಗೆ ಬೆಲೆಯ ಶೇಕಡಾ ೫ಕ್ಕಿಂತ ಹೆಚ್ಚು ತಗಲಕೂಡದು. ಕಿರ್ಲೋಸ್ಕರವಾಡಿಯಿಂದ ಬಂದ ಯಂತ್ರವೂ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ತಮಿಳುನಾಡಿನ ಏಕಾಂಬರನಾಥರ ಅಂಬರ ಚರಕವು ಆ ಕೊರತೆಯನ್ನು ಕೆಲಮಟ್ಟಿಗೆ ನೀಗಿತು. ಇಂದು ಧನಸಹಾಯ ಮಾಡುವ ಮಹನೀಯರು ಎಷ್ಟು ಯಂತ್ರ ಹಂಚಿದಿರಿ ಎಂದು ಕೇಳುವರು. ಕೆಟ್ಟಾಗ ರಿಪೇರಿಯ ಖರ್ಚು ಯಾರದೆಂದು ಕೇಳುವವರನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಯಂತ್ರ ಒಂದೇ ಸಾಲದೆಂಬುದೂ ಸಂಘಕ್ಕೆ ಬೇಗನೆ ತಿಳಿಯಿತು. ಖಾದಿಯನ್ನು ಅಗ್ಗ ಮಾಡುವ ಭರದಲ್ಲಿ ನೂಲುವವಳ ಹೊಟ್ಟೆಯನ್ನೇ ಮರೆತಂತಾಗಿತ್ತು. ೧೯೩೫ರಲ್ಲಿ, ಬಟ್ಟೆ ತುಟ್ಟಿಯಾದರೂ ಚಿಂತೆಯಿಲ್ಲ, ಆಕೆಗೆ ಜೀವನಕ್ಕೆ ಸಾಲುವ ಕೂಲಿ ಸಿಕ್ಕಬೇಕೆಂದು ನಿರ್ಣಯವಾಯಿತು. ವ್ಯಾಪಾರಿಯಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲು ನಮಗೆ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಮಹಾತ್ಮರು ಕಾಲಿಟ್ಟ ಅದೇ ಬದನವಾಳಿನಲ್ಲಿ, ೧೯೯೩ರಲ್ಲಿ, ದೇವಸ್ಥಾನ ಪ್ರವೇಶದ ವಿವಾದವು ಬೆಳೆದು ಮೂವರು ದಲಿತರ ಕೊಲೆಯಾಯಿತು. ನೂಲಿನಿಂದ ಕೂಲಿ ಹುಟ್ಟಿತು. ಕೇರಿ ಕೇರಿಗಳ ನಡುವಣ ಗೋಡೆ ಬೀಳಲಿಲ್ಲ. ಸರಳ ಬದುಕಿಗಾಗಿ ೨೦೧೫ರಲ್ಲಿ ರಂಗಕರ್ಮಿ ಪ್ರಸನ್ನರು ಸತ್ಯಾಗ್ರಹ ಹೂಡಿದ್ದೂ ಇದೇ ಖಾದಿ ಕೇಂದ್ರದ ಬಳಿಯಲ್ಲಿ. ಕೊಲೆಗಳ ತರುವಾಯ ಊರಿನ ಎರಡು ಕೇರಿಗಳ ನಡುವೆ ನಿಂತುಹೋಗಿದ್ದ ದಾರಿಯು ಮತ್ತೆ ತೆರೆದುದು ೨೦೨೨ರ ಅಕ್ಟೋಬರಿನಲ್ಲಿ, ೨೯ ವರ್ಷಗಳ ಮೇಲೆ.